ಕೂಗಿ, ನಿಲ್ಲಿಸಿ, ಕೇಳುವ ವಿದ್ಯೆ

ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಸುದ್ದಿ ಮುಟ್ಟಿಸುವ ಮೊದಲ ಸಾಧನ ಮನುಷ್ಯನ ಗಂಟಲೇ ಆಗಿತ್ತು. ಗದ್ದೆ ಬಯಲಿನ ಈಚೆಯಿಂದ ಒಬ್ಬರು ‘ಕೂ’ ಎಂದು ಕೂಗಿ ಸುಮ್ಮನೆ ನಿಲ್ಲುತ್ತಿದ್ದರು. ಆಚೆಯ ದಿಬ್ಬದಿಂದ ಮರುಕೂಗು ಬಂದ ಮೇಲೆ ವಿಷಯ ಹೇಳುತ್ತಿದ್ದರು. ಹೇಳಿ ಮುಗಿಸಿ ಮತ್ತೆ ಕಿವಿಗೊಡುತ್ತಿದ್ದರು. ಇಬ್ಬರೂ ಒಟ್ಟಿಗೆ ಕೂಗಿದರೆ ಇಬ್ಬರಿಗೂ ಏನೂ ಕೇಳದು ಎಂಬುದು ದನ ಕಾಯುವ ಹುಡುಗರಿಗೂ ತಿಳಿದಿದ್ದ ಸಂಗತಿ. ದೂರವನ್ನು ‘ಕೂಗಳತೆ’ಯಲ್ಲಿ ಹೇಳುವ ವಾಡಿಕೆ ಇಂದಿಗೂ ಉಳಿದಿದೆ. ಆದರೆ ಕೂಗಿ, ನಿಲ್ಲಿಸಿ, ಕೇಳುವ ಆ ಶಿಸ್ತು ಮೊಬೈಲ್ ಬಂದ ಮೇಲೆ ಮರೆಯಾಗಿದೆ. ವಾಕಿಟಾಕಿ ಸೌಲಭ್ಯವಿರುವ ಸಾದಾ ಮೊಬೈಲ್ ಫೋನುಗಳನ್ನು ಮಳೆಗಾಲದ ಆಪತ್ತಿಗೆಂದು ಕೊಳ್ಳಲು ಯೋಚಿಸುವ ಹಳ್ಳಿಗಳು ಮೊದಲು ಮರಳಿ ಕಲಿಯಬೇಕಾದದ್ದು ಅದನ್ನೇ.

ಇಂಥ ಸಾಧನದ ಅಗತ್ಯವಿದೆಯೇ ಎಂದು ಕೇಳುವವರು ಇತ್ತೀಚಿನ ಮಳೆಗಾಲಗಳನ್ನು ನೆನೆಯಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಜರಿದವು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಧುಗುಂಡಿ, ಮಲೆಮನೆಯಂಥ ಊರುಗಳು ನೆಲೆ ಕಳೆದುಕೊಂಡವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದೇ ತಿಂಗಳ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಇಂಥ ಮಳೆಯಲ್ಲಿ ಸಂಪರ್ಕ ಕಡಿಯುವುದಕ್ಕೆ ಒಂದು ಕ್ರಮವಿದೆ. ಮೊದಲು ಮರ ಬಿದ್ದು ವಿದ್ಯುತ್ ಹೋಗುತ್ತದೆ. ಟವರ್‌ನ ಬ್ಯಾಟರಿ ಕೆಲವು ಗಂಟೆಗಳ ಮಟ್ಟಿಗೆ ಅದನ್ನು ಉಳಿಸಿಕೊಳ್ಳುತ್ತದೆ. ಜನರೇಟರಿಗೆ ಡೀಸೆಲ್ ತರಬೇಕಾದ ರಸ್ತೆ ಅಷ್ಟರಲ್ಲಿ ಮುಚ್ಚಿರುತ್ತದೆ. ರಸ್ತೆಯ ಬದಿಯಲ್ಲೇ ಹೂತಿಟ್ಟ ತಂತಿಯೂ ಧರೆಯೊಡನೆ ಜಾರಿಹೋಗಿರುತ್ತದೆ. ಆಸ್ಪತ್ರೆಗೆ ಹೇಳಿಕಳಿಸಬೇಕಾದ, ಕಾಲುಸಂಕದ ಸ್ಥಿತಿ ತಿಳಿಸಬೇಕಾದ ಹೊತ್ತಿಗೆ ಸರಿಯಾಗಿ ಫೋನು ಮೂಕವಾಗುತ್ತದೆ.

ಆದ್ದರಿಂದ ವಾಕಿಟಾಕಿ ಗುಂಡಿಯುಳ್ಳ ಫೋನು ಆಕರ್ಷಕವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಹೊರನೋಟಕ್ಕೆ ಒಂದೇ ಆಗಿರುವ ಈ ಗುಂಡಿಯ ಹಿಂದೆ ಎರಡು ಬೇರೆ ಬೇರೆ ವ್ಯವಸ್ಥೆಗಳಿರುತ್ತವೆ. ಮೊದಲನೆಯದರಲ್ಲಿ ಗುಂಡಿ ಒತ್ತಿ ಆಡಿದ ಮಾತು ಟವರ್‌ಗೆ ಹೋಗಿ, ಅಲ್ಲಿಂದ ದೂರದ ಯಾವುದೋ ನಗರದಲ್ಲಿರುವ ಕಂಪ್ಯೂಟರ್ ತಲುಪಿ, ಮರಳಿ ಟವರ್ ಮೂಲಕವೇ ಇಳಿದು ಎದುರು ಮನೆಯ ಫೋನಿಗೆ ಬರುತ್ತದೆ. ಇದು ಫೋನೇ, ವಾಕಿಟಾಕಿಯ ನಡವಳಿಕೆಯನ್ನು ಮಾತ್ರ ಎರವಲು ಪಡೆದಿದೆ. ಟವರ್ ಸತ್ತರೆ ಗುಂಡಿಯೂ ಸತ್ತಂತೆ. ಎರಡನೆಯದರಲ್ಲಿ ಫೋನಿನೊಳಗೇ ಪುಟ್ಟ ರೇಡಿಯೊ ಪ್ರೇಷಕವಿದ್ದು, ಒಂದು ಕೈಯಿಂದ ಹೊರಟ ಅಲೆ ನೇರವಾಗಿ ಇನ್ನೊಂದು ಕೈಗೆ ಬರುತ್ತದೆ. ಟವರ್ ಇದ್ದರೂ ಇಲ್ಲದಿದ್ದರೂ ಅದಕ್ಕೆ ವ್ಯತ್ಯಾಸವಿಲ್ಲ.

ಈ ಅಂತರವನ್ನು ಸ್ಪಷ್ಟಪಡಿಸುವ ಉದಾಹರಣೆಯೊಂದು ಅಮೆರಿಕದಲ್ಲಿದೆ. ಮೋಟೊರೋಲಾ ಕಂಪನಿ ರೂಪಿಸಿದ ಐಡೆನ್ ತಂತ್ರಜ್ಞಾನವನ್ನು ಬಳಸಿ ನೆಕ್ಸ್‌ಟೆಲ್ ಎಂಬ ಸಂಸ್ಥೆ ಅಲ್ಲಿ ಗುಂಡಿ ಒತ್ತಿ ಮಾತನಾಡುವ ಫೋನುಗಳನ್ನು ಮನೆಮಾತಾಗಿಸಿತು. ಕಟ್ಟಡ ಕಾರ್ಮಿಕರು, ಲಾರಿ ಚಾಲಕರು, ತುರ್ತು ಸೇವೆಯವರು ಅದನ್ನು ನೆಚ್ಚಿಕೊಂಡರು. 2005ರಲ್ಲಿ ಆ ಸಂಸ್ಥೆ ಸ್ಪ್ರಿಂಟ್ ಜೊತೆ ವಿಲೀನಗೊಂಡಿತು. 2013ರ ಜೂನ್ 30ರಂದು ಐಡೆನ್ ಜಾಲವನ್ನೇ ಮುಚ್ಚಲು ಆರಂಭಿಸಲಾಯಿತು. ಜಾಲ ಮುಚ್ಚಿದ ಮೇಲೆ ಟವರ್ ನೆಚ್ಚಿದ್ದ ಗುಂಡಿ ಕೆಲಸಕ್ಕೆ ಬಾರದಾಯಿತು. ಆದರೆ ಅದೇ ಕಂಪನಿಯ ಕೆಲವು ಮಾದರಿಗಳಲ್ಲಿ ಟವರ್‌ನ ಹಂಗಿಲ್ಲದೆ ಫೋನಿನಿಂದ ಫೋನಿಗೆ ನೇರವಾಗಿ ಮಾತನಾಡುವ ಇನ್ನೊಂದು ಸೌಲಭ್ಯವನ್ನೂ ಇಡಲಾಗಿತ್ತು. ಕಂಪನಿಯ ತೀರ್ಮಾನ ತಟ್ಟದೆ ಉಳಿಯಬಲ್ಲ ಸೌಲಭ್ಯ ಅದೊಂದೇ. ವ್ಯಾಪಾರದ ಲೆಕ್ಕಾಚಾರ ಅಲ್ಲಿ ಮಾಡಿದ ಕೆಲಸವನ್ನು ಮಲೆನಾಡಿನಲ್ಲಿ ಪುಷ್ಯ ಮಳೆ ಪ್ರತಿವರ್ಷವೂ ಮಾಡಬಲ್ಲದು.

ಅಂಗಡಿಯವರ ಮಾತನ್ನಾಗಲಿ ಪೆಟ್ಟಿಗೆಯ ಮೇಲಿನ ಚಿತ್ರವನ್ನಾಗಲಿ ನಂಬಬೇಕಾಗಿಲ್ಲ. ಪರೀಕ್ಷೆ ಸರಳವಾಗಿದೆ. ಎರಡು ಫೋನುಗಳನ್ನು ಯಾವ ಕಂಪನಿಯ ಸಿಗ್ನಲ್ಲೂ ಸಿಗದ ಜಾಗಕ್ಕೆ ಒಯ್ದು ಮಾತನಾಡಿಸಿ ನೋಡಬೇಕು. ಅಂಥ ಜಾಗವನ್ನು ಮಲೆನಾಡಿನಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಲ್ಲಿ ಮಾತು ಕೇಳಿಸಿದರೆ ಅದು ರೇಡಿಯೊ. ಕೇಳಿಸದಿದ್ದರೆ ಆಪತ್ತಿನ ದಿನವೂ ಕೇಳಿಸುವುದಿಲ್ಲ.

ನಿಜವಾದ ರೇಡಿಯೊ ಎಂದಾದ ಮೇಲೆ ಕಾನೂನಿನ ಪ್ರಶ್ನೆ ಏಳುತ್ತದೆ. ರೇಡಿಯೊ ಅಲೆಗಳು ಸಾರ್ವಜನಿಕ ಸ್ವತ್ತು. ಅವುಗಳ ಬಳಕೆಗೆ ಕೇಂದ್ರ ಸರ್ಕಾರದ ನಿಯಮಗಳಿವೆ. 27 ಮೆಗಾಹರ್ಟ್ಸ್ ಆಸುಪಾಸಿನ ನಾಗರಿಕ ತರಂಗಪಟ್ಟಿಯನ್ನು 2005ರಲ್ಲಿಯೂ 446.0ರಿಂದ 446.2 ಮೆಗಾಹರ್ಟ್ಸ್ ವರೆಗಿನ ಕಿರಿದಾದ ಪಟ್ಟಿಯನ್ನು 2018ರಲ್ಲಿಯೂ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ಮುಕ್ತಗೊಳಿಸಲಾಗಿದೆ. ಈ ಪಟ್ಟಿಗಳ ಆಚೆ ಮಾತನಾಡಲು ಪರವಾನಗಿ ಬೇಕು. ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಎಷ್ಟೋ ಉಪಕರಣಗಳು ಪೊಲೀಸ್, ಅರಣ್ಯ ಮುಂತಾದ ಇಲಾಖೆಗಳ ಸಂಪರ್ಕಕ್ಕೆ ತೊಡಕಾಗಬಹುದಾದ ಅಲೆಗಳಲ್ಲೂ ಕೂಗಬಲ್ಲವು. ಇಂಥವುಗಳ ಅನಧಿಕೃತ ಮಾರಾಟವನ್ನು ತಡೆಯಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಆನ್‌ಲೈನ್ ಮಳಿಗೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಕೊಳ್ಳುವವರು ಉಪಕರಣ ಯಾವ ಅಲೆಯಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ದೂರಸಂಪರ್ಕ ಇಲಾಖೆಯ ಅನುಮೋದನೆ ಇದೆಯೇ ಎಂಬೆರಡನ್ನು ಕೇಳಿ ಲಿಖಿತ ಬಿಲ್ಲಿನೊಡನೆ ಪಡೆಯುವುದು ಕ್ಷೇಮ. ಊರಿನ ಒಳಿತಿಗೆಂದು ಹೊರಟವರು ನೆರವಿಗೆ ಬರುವವರ ಅಲೆಗೇ ಅಡ್ಡಿಯಾಗಬಾರದು.

ಮೂರನೆಯ ಪ್ರಶ್ನೆ ನೆಲದ್ದು. 446 ಮೆಗಾಹರ್ಟ್ಸ್‌ನ ಅಲೆ ಹೆಚ್ಚುಕಡಿಮೆ ದೀಪದ ಬೆಳಕಿನಂತೆ ನೇರವಾಗಿ ಸಾಗುತ್ತದೆ. ನಡುವೆ ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ನೆನೆದ ಎಲೆಗಳ ದಟ್ಟ ಕಾನು ಅದನ್ನು ಹೀರಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ ಕಿಲೋಮೀಟರ್ ಲೆಕ್ಕ ಅಡ್ಡಿಯಿಲ್ಲದ ಬಯಲಿನದು. ಅಡಕೆ ತೋಟದ ಕಣಿವೆಯಲ್ಲಿ ಅದರ ಸಣ್ಣ ಪಾಲು ದಕ್ಕಿದರೆ ಹೆಚ್ಚು. 27 ಮೆಗಾಹರ್ಟ್ಸ್‌ನ ಉದ್ದನೆಯ ಅಲೆ ಗುಡ್ಡದ ಅಂಚನ್ನು ಬಳಸಿ ಬಾಗುವುದರಲ್ಲಿ ಕೊಂಚ ಮೇಲು, ಆದರೆ ಅದಕ್ಕೆ ಉದ್ದನೆಯ ಆಂಟೆನಾ ಬೇಕು. ಹೀಗಿರುವಾಗ ಊರಿನ ನಕ್ಷೆಯೇ ಯಂತ್ರಕ್ಕಿಂತ ಮುಖ್ಯವಾಗುತ್ತದೆ. ಎರಡು ಕೇರಿಗಳಿಗೂ ಕಾಣುವ ದಿಬ್ಬ ಯಾವುದು, ಅಲ್ಲಿನ ಮನೆಯಲ್ಲಿ ಹಗಲಿರುಳು ಯಾರಿರುತ್ತಾರೆ, ಕೆಳಗಿನ ಸುದ್ದಿಯನ್ನು ಕೇಳಿ ಮೇಲಕ್ಕೆ ದಾಟಿಸಬಲ್ಲವರು ಯಾರು ಎಂಬುದನ್ನು ಬೇಸಗೆಯಲ್ಲೇ ನಡೆದು ನೋಡಿ ಗೊತ್ತುಮಾಡಿಕೊಳ್ಳಬೇಕು. ಹಿಂದೆ ಕೂಗು ದಾಟಿಸುತ್ತಿದ್ದ ದಿಬ್ಬಗಳೇ ಈಗಲೂ ಒದಗಬಹುದು.

ಇನ್ನು ಬಳಸುವ ಬಗೆ. ದೂರವಾಣಿಯಲ್ಲಿ ಇಬ್ಬರೂ ಏಕಕಾಲದಲ್ಲಿ ಮಾತನಾಡಬಹುದು. ರೇಡಿಯೊದಲ್ಲಿ ಒಬ್ಬರು ಗುಂಡಿ ಒತ್ತಿದಾಗ ಆ ಫೋನು ಕಿವುಡಾಗುತ್ತದೆ, ಬಿಟ್ಟಾಗ ಮೂಕವಾಗುತ್ತದೆ. ಗುಂಡಿ ಒತ್ತಿದ ಕೂಡಲೇ ಮಾತು ಹೊರಡುವುದೂ ಇಲ್ಲ, ಕ್ಷಣಮಾತ್ರದ ವಿಳಂಬವಿರುತ್ತದೆ. ಆತುರದಲ್ಲಿ ಮಾತನಾಡಿದರೆ ಮೊದಲ ಪದ ನುಂಗಿಹೋಗುತ್ತದೆ. ಸಾಮಾನ್ಯವಾಗಿ ಆ ಪದ ಊರಿನ ಹೆಸರೋ ಮನೆಯ ಹೆಸರೋ ಆಗಿರುತ್ತದೆ. ಮಾತು ಮುಗಿಯುವ ಮೊದಲೇ ಗುಂಡಿ ಬಿಟ್ಟರೆ ಕೊನೆಯ ಅಕ್ಷರಗಳು ಹೋಗುತ್ತವೆ. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ಅಪಾಯಕಾರಿ. ಹೌದು-ಅಲ್ಲಗಳನ್ನು ಕನ್ನಡ ವಾಕ್ಯದ ತುದಿಯಲ್ಲಿ ಇಡುತ್ತದೆ. ‘ಸಂಕ ದಾಟಬಹುದು’, ‘ಸಂಕ ದಾಟಬಾರದು’ ಎಂಬ ಎರಡು ಮಾತುಗಳ ತುದಿ ಕತ್ತರಿಸಿದರೆ ಉಳಿಯುವುದು ಒಂದೇ. ಆದ್ದರಿಂದ ರೇಡಿಯೊದಲ್ಲಿ ನಿಷೇಧವನ್ನು ಮುಂದಕ್ಕೆ ತರಬೇಕು: ‘ಬೇಡ, ಬೇಡ. ಸಂಕದ ಮೇಲೆ ಬರುವುದು ಬೇಡ.’ ಗುಂಡಿ ಒತ್ತಿ ಒಂದು ಉಸಿರು ತಡೆದು ಮಾತು ಆರಂಭಿಸುವುದು, ಮುಗಿದ ಮೇಲೆ ‘ಮುಗಿಯಿತು’ ಎಂದು ಹೇಳಿ ಮತ್ತೊಂದು ಉಸಿರಿನ ಬಳಿಕ ಬಿಡುವುದು, ಇಷ್ಟು ಅಭ್ಯಾಸವಾದರೆ ಅರ್ಧ ವಿದ್ಯೆ ಬಂದಂತೆ.

ಸಂಖ್ಯೆಗಳಲ್ಲಿಯೂ ಇಂಥದೇ ತೊಡಕಿದೆ. ಗರಗರ ಸದ್ದಿನ ನಡುವೆ ‘ಮ’ಕಾರ ‘ನ’ಕಾರಗಳ ಭೇದ ಅಳಿಸಿಹೋಗುತ್ತದೆ. ಮೂರು ಜನ ಸಿಕ್ಕಿಬಿದ್ದಿದ್ದಾರೆಂಬ ಸುದ್ದಿ ನೂರು ಜನವಾಗಿ ಮುಟ್ಟಬಹುದು. ನೂರು ಮೂರಾದರೆ ಇನ್ನೂ ಕಷ್ಟ. ‘ಒಂದು, ಎರಡು, ಮೂರು: ಮೂರು ಜನ’ ಎಂದು ಎಣಿಸಿ ಹೇಳುವುದು, ಕೇಳಿದವರು ಅದನ್ನೇ ಮರುನುಡಿಯುವುದು ಇದಕ್ಕೆ ಪರಿಹಾರ. ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಫೋನು ಹಿಡಿದು, ಆಂಟೆನಾ ನೆಟ್ಟಗಿಟ್ಟು, ಕಿರುಚದೆ ಎಂದಿನ ದನಿಯಲ್ಲಿ ಮಾತನಾಡಬೇಕು. ಮಾತನಾಡುವಾಗ ಬ್ಯಾಟರಿ ಬೇಗ ಸವೆಯುತ್ತದೆ, ಕೇಳುವಾಗ ಕಡಿಮೆ. ವಿದ್ಯುತ್ ಇಲ್ಲದ ದಿನಗಳಲ್ಲಿ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ಎಲ್ಲರೂ ಫೋನು ತೆರೆದಿಡುವ ಒಪ್ಪಂದವಿದ್ದರೆ ಒಂದು ಬ್ಯಾಟರಿ ಹಲವು ದಿನ ಬಾಳುತ್ತದೆ.

ಈ ಕಲಿಕೆ ಯಾರದು ಎಂಬುದು ಎಲ್ಲಕ್ಕಿಂತ ಮುಖ್ಯ. ಯಂತ್ರ ಬಂದರೆ ಅದು ಮನೆಯ ಗಂಡಸಿನ ಜೇಬು ಸೇರುವುದು ರೂಢಿ. ಧರೆ ಕುಸಿಯುವ ಹೊತ್ತಿಗೆ ಆ ಜೇಬು ಪೇಟೆಯಲ್ಲಿರಬಹುದು, ತೋಟದಲ್ಲಿರಬಹುದು. ಮನೆಯಲ್ಲಿರುವವರು ಹೆಂಗಸರು, ಮುದುಕರು, ಮಕ್ಕಳು. ಇಂಗ್ಲಿಷಿನ ಪಟ್ಟಿಗಳನ್ನು ದಾಟಿ ಸಂದೇಶ ಕಳಿಸಲಾಗದ ಅಜ್ಜಿಯೂ ಒಂದು ಗುಂಡಿ ಒತ್ತಿ ಮಾತನಾಡಬಲ್ಲಳು. ಸಾದಾ ಫೋನಿನ ದೊಡ್ಡ ಗುಣ ಅದು. ಆಕೆಗೆ ಕಲಿಸುವ ಹೊಣೆಯನ್ನು ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಹೊರಬಹುದು. ಇನ್ನೂ ಮುಂದೆ ಹೋಗುವ ಆಸಕ್ತಿಯಿರುವವರು ಹವ್ಯಾಸಿ ರೇಡಿಯೊ ಪರೀಕ್ಷೆಗೆ ಕುಳಿತು ಪರವಾನಗಿ ಪಡೆಯಬಹುದು. ವಯನಾಡಿನ ದುರಂತದಲ್ಲಿ ಅಂಥ ಹವ್ಯಾಸಿಗಳೇ ಕಲ್ಪೆಟ್ಟಾದಲ್ಲಿ ಕೇಂದ್ರ ತೆರೆದು ರಕ್ಷಣಾ ಕಾರ್ಯಕ್ಕೆ ನೆರವಾದರು. ಕೆಲಸಕ್ಕೆ ಬಂದದ್ದು ಅವರು ಶಾಂತಿಯ ದಿನಗಳಲ್ಲಿ ಮಾಡಿದ ಅಭ್ಯಾಸ.

ರೇಡಿಯೊದ ಮಾತಿಗೆ ಗುಟ್ಟಿಲ್ಲ ಎಂಬುದನ್ನೂ ಮನೆಮನೆಗೆ ತಿಳಿಸಬೇಕು. ಅದೇ ಅಲೆಗೆ ಕಿವಿಯಿಟ್ಟ ಯಾರಿಗಾದರೂ ಅದು ಕೇಳಿಸುತ್ತದೆ. ರೋಗಿಯ ಕಾಯಿಲೆ, ಬೀಗ ಹಾಕಿದ ಮನೆ, ಕಾಡಾನೆಯ ಜಾಡು ಯಾರ ಕಿವಿಗೆ ಬೀಳುತ್ತವೆಂದು ಹೇಳಲಾಗದು. ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆಗಳ ಸುಳಿವನ್ನು ಸಾದಾ ಮೊಬೈಲ್‌ಗಳಿಗೆ ಕಿರುಸಂದೇಶ ಕಳಿಸಿ, ಕೆಂಪು ದೀಪ ಬೆಳಗಿ ಎಸ್ಟೇಟಿನ ಜನರಿಗೆ ತಿಳಿಸುವ ವ್ಯವಸ್ಥೆ ರೂಪುಗೊಂಡಿತು. ಅಲ್ಲಿ ಸುದ್ದಿ ಯಾರಿಗೆ, ಎಷ್ಟು ಎಂಬುದನ್ನು ಯೋಚಿಸಿ ಗೊತ್ತುಮಾಡಲಾಗಿತ್ತು. ಊರಿನ ರೇಡಿಯೊಗೂ ಅಂಥ ಕಟ್ಟುಪಾಡು ಬೇಕು.

ಇಷ್ಟೆಲ್ಲ ಕಲಿತ ಮಾತ್ರಕ್ಕೆ ಸರ್ಕಾರದ ಹೊಣೆ ಕಳೆಯುವುದಿಲ್ಲ. 112 ಎಂಬ ತುರ್ತು ಕರೆ ತನ್ನ ಕಂಪನಿಯ ಸಿಗ್ನಲ್ ಇಲ್ಲದಾಗ ಬೇರೆ ಕಂಪನಿಯ ಟವರ್ ಹಿಡಿದಾದರೂ ಹೋಗಬಲ್ಲದು. 2023ರಲ್ಲಿ ದೇಶದ ನಾನಾ ಕಡೆ ಪರೀಕ್ಷಿಸಿದ, ಫೋನುಗಳಲ್ಲಿ ಸದ್ದುಮಾಡುವ ಮುನ್ನೆಚ್ಚರಿಕೆ ಸಂದೇಶವೂ ಉಪಯುಕ್ತ. ಎರಡಕ್ಕೂ ಜೀವಂತ ಟವರ್ ಒಂದು ಬೇಕೇ ಬೇಕು. ಮಳೆಗಾಲಕ್ಕೆ ಮುನ್ನ ಟವರ್‌ಗಳ ಬ್ಯಾಟರಿ, ಡೀಸೆಲ್ ದಾಸ್ತಾನುಗಳನ್ನು ತಾಲ್ಲೂಕು ಆಡಳಿತ ಪರಿಶೀಲಿಸಿ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕೆಂದು ಗ್ರಾಮಸಭೆಗಳು ಒತ್ತಾಯಿಸಬೇಕು. ಗುಡ್ಡದ ಬುಡ ಕಡಿದು ರಸ್ತೆ ಅಗಲಿಸುವ, ಕಾನು ಬೋಳಿಸುವ ಕಾಮಗಾರಿಗಳನ್ನು ಪ್ರಶ್ನಿಸುವ ಕೆಲಸವಂತೂ ನಿಲ್ಲುವಂತಿಲ್ಲ. ಜರಿಯುವ ಗುಡ್ಡವನ್ನು ಯಾವ ರೇಡಿಯೊವೂ ಹಿಡಿದು ನಿಲ್ಲಿಸದು.

ಆದರೂ ಗುಡ್ಡ ಜರಿದ ರಾತ್ರಿ ಹೊರಗಿನ ನೆರವು ಬರುವವರೆಗಿನ ಗಂಟೆಗಳು ಊರಿನವರ ಕೈಯಲ್ಲೇ ಇರುತ್ತವೆ. ಒಂದೊಂದು ಕೇರಿಗೆ ಎರಡು ಫೋನುಗಳನ್ನು ಊರೊಟ್ಟಿನ ಹಣದಲ್ಲಿ ಕೊಂಡು, ರೋಹಿಣಿ ಮಳೆ ಬೀಳುವ ಮೊದಲೇ ಸಿಗ್ನಲ್ ಇಲ್ಲದ ತಗ್ಗಿನಲ್ಲಿ ಪರೀಕ್ಷಿಸಿ, ವಾರಕ್ಕೊಂದು ಸಂಜೆ ಎಲ್ಲ ಮನೆಗಳವರೂ ಸರದಿಯಂತೆ ಮಾತನಾಡಿ ನೋಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಲು ಪಂಚಾಯಿತಿ ಸದಸ್ಯರಿಗೆ ಈಗಲೇ ಬರೆದು ಕೊಡಬಹುದು. ಅದೇ ದಿನ ದಿಬ್ಬದ ಮನೆ ಯಾವುದೆಂದು ಗೊತ್ತುಮಾಡಬಹುದು.