ಪೇಸ್‌ಮೇಕರ್ ಬಿಲ್ಲಿನ ಐದು ಅಂಕಿಗಳು

ವ್ಯಾಪಾರಸ್ಥರ ಮನೆಯವರಿಗೆ ಕೀರ್ದಿ-ಖತಾವಣಿ ಕಲಿಸಬೇಕಾಗಿಲ್ಲ. ಮಾಲು ಯಾವುದು, ದರ ಎಷ್ಟು ಎಂದು ನೋಡದೆ ನಾವು ಯಾರಿಗೂ ಹಣ ಎಣಿಸುವುದಿಲ್ಲ. ಆದರೆ ಆಸ್ಪತ್ರೆಯ ಬಿಲ್ಲು ಬಂದಾಗ ಕೊನೆಯ ಮೊತ್ತವನ್ನಷ್ಟೇ ನೋಡುತ್ತೇವೆ. ಮಕ್ಕಳು ಅಮೆರಿಕದಲ್ಲಿದ್ದು, ಹಿರಿಯರೂ ಅಲ್ಲಿಗೆ ಹೋಗಿ ಬರುವ ಮನೆಗಳು ಈಗ ನಮ್ಮಲ್ಲಿಯೂ ಇವೆ. ಆದ್ದರಿಂದ ಅಲ್ಲಿಯ ಪೇಸ್‌ಮೇಕರ್ ಬಿಲ್ಲನ್ನು ಓದುವ ರೀತಿಯನ್ನು ಈ ತಿಂಗಳು ತಿಳಿದುಕೊಳ್ಳೋಣ.

ಹೃದಯದ ಬಡಿತ ತೀರ ನಿಧಾನವಾದಾಗ ಅದಕ್ಕೆ ತಾಳ ಹಾಕಿಕೊಡುವ ಯಂತ್ರವೇ ಪೇಸ್‌ಮೇಕರ್. ಇದರಲ್ಲಿ ಎರಡು ಭಾಗ: ಚರ್ಮದ ಕೆಳಗೆ ಕೂರಿಸುವ ಬ್ಯಾಟರಿಯ ಡಬ್ಬಿ ಮತ್ತು ಅದರಿಂದ ಹೃದಯಕ್ಕೆ ಹೋಗುವ ತಂತಿ. ಬಿಲ್ಲಿನ ಲೆಕ್ಕವೂ ಈ ಎರಡರ ಮೇಲೆಯೇ ನಿಂತಿದೆ.

ಅಮೆರಿಕದ ವೈದ್ಯರ ಸಂಘವು 1966ರಲ್ಲಿ ಮೊದಲು ಪ್ರಕಟಿಸಿದ ಸಿ.ಪಿ.ಟಿ. ಪಟ್ಟಿಯಲ್ಲಿ ಪ್ರತಿ ಚಿಕಿತ್ಸೆಗೂ ಐದು ಅಂಕಿಗಳ ಸಂಕೇತವಿದೆ. ಡಬ್ಬಿ, ತಂತಿ ಎರಡನ್ನೂ ಹಾಕಿದಾಗ, ತಂತಿ ಹೃದಯದ ಮೇಲಿನ ಕೋಣೆಗೆ ಮಾತ್ರ ಹೋದರೆ 33206, ಕೆಳಗಿನ ಕೋಣೆಗೆ ಮಾತ್ರ ಹೋದರೆ 33207, ಎರಡಕ್ಕೂ ಹೋದರೆ 33208.

ಕೆಲವು ವರ್ಷಗಳ ಮೇಲೆ ಬ್ಯಾಟರಿ ಮುಗಿಯುತ್ತದೆ. ಆಗ ತಂತಿಗಳು ಸರಿಯಾಗಿದ್ದರೆ ಅವನ್ನು ಹಾಗೆಯೇ ಬಿಟ್ಟು ಡಬ್ಬಿಯನ್ನಷ್ಟೇ ಬದಲಿಸುತ್ತಾರೆ. ಒಂದು ತಂತಿಯ ಯಂತ್ರವಾದರೆ ಇದಕ್ಕೆ 33227, ಎರಡು ತಂತಿಯದಾದರೆ 33228. ಹಳೆಯದನ್ನು ತೆಗೆದದ್ದು, ಹೊಸದನ್ನು ಹಾಕಿದ್ದು ಎರಡೂ 2012ರಿಂದ ಈ ಒಂದೇ ಸಂಕೇತದೊಳಗೆ ಸೇರಿವೆ. ತೆಗೆದದ್ದಕ್ಕೆಂದು 33233 ಬೇರೆ ಸೇರಿಸುವಂತಿಲ್ಲ. ಡಬ್ಬಿ ಮಾತ್ರ ಬದಲಾದಾಗ ಬಿಲ್ಲಿನಲ್ಲಿ 33208 ಕಂಡರೆ, ಹಾಕದ ತಂತಿಗೂ ಲೆಕ್ಕ ಹಿಡಿದಂತಾಯಿತು. ಕೂಡಲೇ ವಿವರ ಕೇಳಿರಿ.

ಹಾಗೆಂದು ಆತುರದಿಂದ ತಪ್ಪು ಹೊರಿಸಲೂಬಾರದು. ರೋಗಿಯನ್ನು ಒಳರೋಗಿಯಾಗಿ ಸೇರಿಸಿಕೊಳ್ಳದೆ ಚಿಕಿತ್ಸೆ ಮಾಡಿದಾಗ ವೈದ್ಯರ ಬಿಲ್ಲು, ಆಸ್ಪತ್ರೆಯ ಬಿಲ್ಲು ಬೇರೆ ಬೇರೆ ಬಂದು ಎರಡರಲ್ಲಿಯೂ ಒಂದೇ ಸಂಕೇತ ಇರಬಹುದು. ಒಂದು ವೈದ್ಯರ ಶ್ರಮಕ್ಕೆ, ಇನ್ನೊಂದು ಆಸ್ಪತ್ರೆಯ ಖರ್ಚಿಗೆ. ಇನ್ನೊಂದು ಮಾತು: ಹಿರಿಯ ನಾಗರಿಕರಿಗಾಗಿ ಅಲ್ಲಿಯ ಸರಕಾರ ನಡೆಸುವ ಮೆಡಿಕೇರ್ ವಿಮೆಯ ನಿಯಮದಂತೆ, ಶಸ್ತ್ರಚಿಕಿತ್ಸೆಯ ನಂತರದ 90 ದಿನಗಳಲ್ಲಿ ಅದೇ ವೈದ್ಯರು ಗಾಯ ನೋಡುವ ಮಾಮೂಲಿ ಭೇಟಿಗೆ ಬೇರೆ ಶುಲ್ಕವಿಲ್ಲ.

ನಮ್ಮ ಕಡೆಯ ಬಿಲ್ಲುಗಳಲ್ಲಿ ಸಾಮಾನ್ಯವಾಗಿ ಈ ಅಂಕಿಗಳು ಇರುವುದಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಗೆ ಅದರದೇ ಸಂಕೇತಗಳಿವೆ. ಆದರೆ ಕೇಳಬೇಕಾದ ಪ್ರಶ್ನೆ ಎಲ್ಲಿಯೂ ಒಂದೇ: ಹೊಸದಾಗಿ ಹಾಕಿದ್ದು ಡಬ್ಬಿ ಮಾತ್ರವೋ, ತಂತಿಯೂ ಹೌದೋ? ತಂತಿ ಒಂದೋ, ಎರಡೋ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಯಂತ್ರದ ಪೆಟ್ಟಿಗೆಯ ಮೇಲಿನ ಮಾದರಿ ಮತ್ತು ಕ್ರಮಸಂಖ್ಯೆಯ ಚೀಟಿ ಬಿಲ್ಲಿನೊಂದಿಗೆ ತಾಳೆಯಾಗುತ್ತದೆಯೇ ನೋಡಿರಿ. ವಿಮೆಯವರೂ ಆ ಚೀಟಿಯನ್ನು ಕೇಳುತ್ತಾರೆ.

ರೋಗಿಗೆ ಕೊಡುವ ಪೇಸ್‌ಮೇಕರ್ ಗುರುತಿನ ಚೀಟಿ ಸದಾ ಅವರ ಜೇಬಿನಲ್ಲಿರಲಿ. ಬಿಲ್ಲಿನ ಪ್ರತಿ ಮನೆಯ ದಸ್ತಾವೇಜುಗಳ ಜೊತೆಗಿರಲಿ. ಮುಂದೆ ಡಬ್ಬಿ ಬದಲಿಸುವ ವೈದ್ಯರು ಬೇರೆ ಊರಿನವರಾದರೂ, ಎದೆಯೊಳಗೆ ಏನಿದೆ ಎಂಬುದು ಈ ಕಾಗದಗಳಿಂದ ಅವರಿಗೆ ಒಡನೆಯೇ ತಿಳಿಯುತ್ತದೆ.