ಬೈಕ್ ಸದ್ದಿಗೆ ಪೆಟ್ರೋಲ್ ಒಂದನ್ನೇ ದೂರಬೇಡಿ

ಕೊಚ್ಚಿಯಲ್ಲಿ ನನ್ನ ಕೆಲಸ. ತಿಂಗಳಿಗೊಮ್ಮೆ ಬೈಕಿನಲ್ಲಿ ತಿರುವನಂತಪುರಕ್ಕೆ ಹೋಗುತ್ತೇನೆ, ಸುಮಾರು 200 ಕಿ.ಮೀ. ಈಚೆಗೆ ಆಲಪ್ಪುಳ ದಾಟಿದ ಮೇಲೆ ಆಕ್ಸಿಲರೇಟರ್ ತಿರುವಿದಾಗಲೆಲ್ಲ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು. ‘ಇ20 ಪೆಟ್ರೋಲಿನದ್ದೇ ಕಾಟ, ಪ್ರೀಮಿಯಂ ಹಾಕಿಸಿ’ ಎಂದರು ಸಹೋದ್ಯೋಗಿಗಳು. ಹಾಕಿಸಿದೆ. ಸದ್ದು ತಗ್ಗಿತು, ನಿಲ್ಲಲಿಲ್ಲ.

ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನಲ್ಲಿ ಉಳಿದ ಇಂಧನ ತಾನಾಗಿ ಸಿಡಿದರೆ ಈ ಸದ್ದು. ಅದನ್ನು ತಡೆಯುವ ಗುಣವೇ ಆಕ್ಟೇನ್. ಬಿಎಸ್‌6ರ ಸಾದಾ ಪೆಟ್ರೋಲಿಗೆ ಕನಿಷ್ಠ ಆಕ್ಟೇನ್ 91, ಇ20ಗೆ 95. ಎಥೆನಾಲ್ ಆಕ್ಟೇನನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಮೈಲೇಜ್ ಕಡಿಮೆಯಾಗುತ್ತದೆ, ಹಳೆಯ ಬೈಕಿನ ರಬ್ಬರ್ ಹಾಳಾಗುತ್ತದೆ ಎಂಬ ದೂರುಗಳಲ್ಲಿ ಹುರುಳಿದೆ; ಅವು ಬೇರೆ ಮಾತು.

ತಿರುವನಂತಪುರದ ಮೆಕ್ಯಾನಿಕ್ ಚೇಟ್ಟನ್ ಬೈಕ್ ಓಡಿಸಿ ನೋಡಿ, ‘ಮೊದಲು ಗೇರ್ ಇಳಿಸಿ ಸಾರ್’ ಎಂದರು. ಹೆದ್ದಾರಿ ಕಾಮಗಾರಿಯ ದಟ್ಟಣೆಯಲ್ಲಿ ನಾನು ಟಾಪ್ ಗೇರಿನಲ್ಲೇ ಎಂಜಿನ್ ಎಳೆಯುತ್ತಿದ್ದೆ. ಗೇರ್ ಇಳಿಸಿದರೆ ಅರ್ಧ ಸದ್ದು ಮಾಯ. ಹೆಡ್ ಬಿಚ್ಚಿದಾಗ ಪಿಸ್ಟನ್ ಮೇಲೆ ಕಾರ್ಬನ್ ಪದರ ಸಿಕ್ಕಿತು. ಅದನ್ನು ತೆಗೆದ ಮೇಲೆ ಸಾದಾ ಪೆಟ್ರೋಲಿನಲ್ಲೇ ಬೈಕ್ ಸುಮ್ಮನಾಯಿತು.

ದುಬಾರಿ ಪೆಟ್ರೋಲ್ ಜ್ವರದ ಮಾತ್ರೆಯಿದ್ದಂತೆ: ತಾಪ ಇಳಿಯುತ್ತದೆ, ರೋಗ ಉಳಿಯುತ್ತದೆ. ಆ ರೋಗ ಕೊನೆಗೆ ಪಿಸ್ಟನ್ನಿಗೇ ತೂತು ಮಾಡಬಹುದು. ಆದ್ದರಿಂದ ಮೊದಲು ಗೇರ್, ಆಮೇಲೆ ಸ್ಪಾರ್ಕ್ ಪ್ಲಗ್, ನಂತರ ಕಾರ್ಬನ್. ಪೆಟ್ರೋಲಿನ ಸರದಿ ಕೊನೆಗೆ ಬರಲಿ.