ತೆಂಗಿನ ಸೀಮೆಯಲ್ಲಿ ತೆಂಗಿನಕಾಯಿ

ಅಜ್ಜಂಪುರದ ಕಡೆ ಹೊಲವೊಂದರ ಬದುವಿನಲ್ಲಿ ಈರುಳ್ಳಿ ರಾಶಿ. ಮಳೆ ಬಂದೀತೆಂದು ಹೊದಿಸಿದ್ದ ಫ್ಲೆಕ್ಸಿನ ಮೇಲೆ ಅರ್ಧ ತೆಂಗಿನಕಾಯಿ ಕಾಣುತ್ತಿತ್ತು, ಉಳಿದರ್ಧ ಮಡಿಕೆಯೊಳಗೆ. ಪಕ್ಕದಲ್ಲಿ ಕೈ ಮುಗಿದಿದ್ದ ಮುಖ ಬಿಸಿಲಿಗೆ ನೀಲಿಯಾಗಿತ್ತು. ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಫ್ಲೆಕ್ಸ್ ಮಾತ್ರ ಗಟ್ಟಿ ಮಾಲು.

ಬಿಜೆಪಿ ಬಿಟ್ಟ ಯಡಿಯೂರಪ್ಪನವರು 2012ರ ಡಿಸೆಂಬರ್ 9ರಂದು ಹಾವೇರಿಯಲ್ಲಿ ದೊಡ್ಡ ಸಮಾವೇಶ ಮಾಡಿ ಕರ್ನಾಟಕ ಜನತಾ ಪಕ್ಷದ ಚುಕ್ಕಾಣಿ ಹಿಡಿದರು. ಪಕ್ಷಕ್ಕೆ ಸಿಕ್ಕ ಗುರುತು ತೆಂಗಿನಕಾಯಿ. ಕಡೂರು, ಬೀರೂರು, ತರೀಕೆರೆಯ ಮಟ್ಟಿಗೆ ಇದಕ್ಕಿಂತ ಸಲೀಸಾದ ಗುರುತು ಬೇಕೇ? ಮನೆ ಹಿತ್ತಲಲ್ಲೂ ಅದೇ, ದೇವರ ಮುಂದೆಯೂ ಅದೇ. ಗುರುತು ಪರಿಚಯಿಸುವ ಖರ್ಚೇ ಇಲ್ಲ. ಆದರೂ 2013ರ ಮೇ ತಿಂಗಳ ವಿಧಾನಸಭೆ ಚುನಾವಣೆಯಲ್ಲಿ ಕಡೂರು ಜೆಡಿಎಸ್‌ನ ವೈ.ಎಸ್.ವಿ. ದತ್ತ ಅವರ ಪಾಲಾಯಿತು, ತರೀಕೆರೆ ಕಾಂಗ್ರೆಸ್ಸಿನ ಜಿ.ಎಚ್. ಶ್ರೀನಿವಾಸ್ ಅವರ ಪಾಲಾಯಿತು. ಅಜ್ಜಂಪುರದ ಮತ ತರೀಕೆರೆಯ ಲೆಕ್ಕಕ್ಕೇ ಸೇರುವುದರಿಂದ ಅಲ್ಲಿ ಬೇರೆ ಕಥೆಯಿಲ್ಲ. ರಾಜ್ಯದಲ್ಲಿ ಪಕ್ಷ ಗೆದ್ದದ್ದು ಶಿಕಾರಿಪುರವೂ ಸೇರಿ 6 ಸ್ಥಾನ.

ಆದರೆ ಬಿದ್ದ ಮತ ನೂರಕ್ಕೆ ಹತ್ತರ ಹತ್ತಿರ. ಕಾಯಿ ಒಡೆದರೆ ಹೋಳು ಎರಡೇ ಆಗಬೇಕೆಂದಿಲ್ಲವಲ್ಲ, ಈಡುಗಾಯಿ ಚೂರುಚೂರಾಗುತ್ತದೆ. 2008ರಲ್ಲಿ 110 ಸ್ಥಾನ ಗೆದ್ದಿದ್ದ ಬಿಜೆಪಿ 40ಕ್ಕೆ ಇಳಿಯಿತು. ಒಡೆದವರು ಒಬ್ಬರು, ಚೂರು ಆಯ್ದುಕೊಂಡ ಕಾಂಗ್ರೆಸ್ಸಿಗೆ 122. 2014ರ ಜನವರಿಯಲ್ಲಿ ಯಡಿಯೂರಪ್ಪ ಹಳೇ ಮನೆಗೆ ಮರಳಿದರು. ಕಾಯಿಯ ಬ್ಯಾಡ್ಜ್ ಕಳಚಿದ ಕಾರ್ಯಕರ್ತರು ಲೋಕಸಭೆ ಚುನಾವಣೆಗೆ ಕಮಲ ಸಿಕ್ಕಿಸಿಕೊಂಡರು. ನಾಚಿಕೆಪಟ್ಟವರನ್ನು ನಾನಂತೂ ಕಾಣಲಿಲ್ಲ. ತವರಿಗೆ ಹೋಗಿ ಬಂದ ಸೊಸೆಯ ಹಾಗೆ, ಅಷ್ಟೇ ಸಹಜ.

ನಾಯಕನೊಬ್ಬ ಹೊರಬಂದು ಬೇರೆ ಪಕ್ಷ ಕಟ್ಟುವುದು ಪಕ್ಕದ ಶಿವಮೊಗ್ಗಕ್ಕೆ ಹೊಸದಲ್ಲ. ದೇವರಾಜ ಅರಸರ ಕ್ರಾಂತಿರಂಗವನ್ನು ಮುನ್ನಡೆಸಿದ ಅಲ್ಲಿನ ಎಸ್. ಬಂಗಾರಪ್ಪ ಮುಂದೆ ಕರ್ನಾಟಕ ಕಾಂಗ್ರೆಸ್ ಪಕ್ಷ, ಆಮೇಲೆ ಕರ್ನಾಟಕ ವಿಕಾಸ ಪಕ್ಷ ಕಟ್ಟಿದರು. ಇವನ್ನೆಲ್ಲ ‘ಒಬ್ಬ ನಾಯಕನ ಸಿಟ್ಟು’ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಸಿಟ್ಟು ನಾಯಕನದ್ದೇ ಇರಬಹುದು, ಆ ಹತ್ತು ಪಾಲು ಮತ ಹಾಕಿದವರು ಬೇರೆ ಜನ. ಅವರ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಬರೆದಿಡಲಿಲ್ಲ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದಲ್ಲಿ, ಹಳೇ ಟ್ರಂಕಿನಲ್ಲಿ ಇಂಥ ಪಕ್ಷಗಳ ಕರಪತ್ರ, ರಸೀದಿ, ಬ್ಯಾಡ್ಜ್ ಇದ್ದರೆ ಪತ್ರಿಕೆಗೆ ಕಳುಹಿಸಿ, ಜೊತೆಗೆ ಅಂದಿನ ನೆನಪಿನ ನಾಲ್ಕು ಸಾಲು ಬರೆಯಿರಿ. ಫ್ಲೆಕ್ಸ್ ಬೇಡ. ಅದು ಈರುಳ್ಳಿಯ ಮೇಲೇ ಇರಲಿ, ಇನ್ನೊಂದು ಮಳೆ ಬಾಕಿಯಿದೆ.